ಮೂವತ್ತೈದಕ್ಕೇ ಮೈಗೆ ಮುಪ್ಪು: ಸ್ಕಿಜೋಫ್ರೇನಿಯಾ ಇರುವವರ ದೇಹದ ಕಡೆ ನೋಡುವವರು ಯಾರು?

"ಮಾತ್ರೆ ತಗೋತಾನೆ, ಈಗ ಗಲಾಟೆ ಏನೂ ಇಲ್ಲ. ಆದ್ರೆ ಒಂದು ಕೆಲಸ ಮಾಡಲ್ಲ. ನಾಲ್ಕು ಹೆಜ್ಜೆ ನಡೆದ್ರೆ ಕೂತ್ಕೋತಾನೆ. ಸೋಮಾರಿ ಆಗ್ಬಿಟ್ಟಿದಾನೆ."

ಸ್ಕಿಜೋಫ್ರೇನಿಯಾ ಇರುವ ಮಗನನ್ನೋ ಮಗಳನ್ನೋ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಮನೆಗಳಲ್ಲಿ ಈ ಮಾತು ಹೊಸದಲ್ಲ. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿವೆ, ಅನುಮಾನ ಕಡಿಮೆಯಾಗಿದೆ, ರಾತ್ರಿ ನಿದ್ದೆ ಬರುತ್ತಿದೆ. ಮನೆಯವರಿಗೆ, ವೈದ್ಯರಿಗೆ ಅದೇ ದೊಡ್ಡ ಸಮಾಧಾನ. ಆದರೆ ಮೂವತ್ತೈದು ವರ್ಷದ ಆ ವ್ಯಕ್ತಿ ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾನೆ. ನೆಲದ ಮೇಲೆ ಕೂತವನಿಗೆ ಕೈಯೂರದೆ ಏಳಲಾಗುವುದಿಲ್ಲ. ತುಂಬಿದ ಬಕೆಟ್ ಎತ್ತಿದರೆ ಕೈ ನಡುಗುತ್ತದೆ. ಅವನ ಅಮ್ಮನೇ ಅವನಿಗಿಂತ ಚುರುಕಾಗಿ ಓಡಾಡುತ್ತಾರೆ.

ಇದನ್ನು ಕೆಲವರು ಸೋಮಾರಿತನ ಅಂತಾರೆ, ಕೆಲವರು "ಕಾಯಿಲೆಯೇ ಹಾಗೆ" ಅಂತ ಸುಮ್ಮನಾಗುತ್ತಾರೆ. ಎರಡೂ ಅಲ್ಲದ ಮೂರನೆಯದೊಂದಿದೆ. ಅವನ ದೇಹ ನಿಜವಾಗಿಯೇ ಶಕ್ತಿ ಕಳೆದುಕೊಂಡಿರಬಹುದು. ಅದನ್ನು ಅಳೆಯಬಹುದು. ಬೇಗ ಗುರುತಿಸಿದರೆ ಒಂದಷ್ಟು ವಾಪಸ್ ಪಡೆಯಲೂಬಹುದು. ಆದರೆ ವಯಸ್ಸು ಚಿಕ್ಕದು, ಕಾಯಿಲೆ ಮನಸ್ಸಿನದು ಎಂಬ ಎರಡು ಕಾರಣಕ್ಕೆ ಆ ಕಡೆ ಯಾರೂ ನೋಡುವುದೇ ಇಲ್ಲ.

ಕಸುವು ಕುಂದುವುದು ಎಂದರೇನು?

ವೈದ್ಯರು ಇದಕ್ಕೆ 'ಫ್ರೇಲ್ಟಿ' ಎನ್ನುತ್ತಾರೆ. ನಾವು 'ಮೈಕಸುವು ಕುಂದುವುದು' ಎನ್ನೋಣ. ಇದು ಒಂದು ರೋಗದ ಹೆಸರಲ್ಲ. ದೇಹದ ಉಳಿತಾಯ ಖಾತೆ ಬರಿದಾದ ಸ್ಥಿತಿ. ಗಟ್ಟಿಮುಟ್ಟಾದವರಿಗೆ ನಾಲ್ಕು ದಿನ ಜ್ವರ ಬಂದರೆ ಐದನೇ ದಿನ ಎದ್ದು ಓಡಾಡುತ್ತಾರೆ. ಕಸುವು ಕುಂದಿದವರನ್ನು ಅದೇ ಜ್ವರ ತಿಂಗಳುಗಟ್ಟಲೆ ಹಾಸಿಗೆಗೆ ಹಾಕುತ್ತದೆ. ಒಮ್ಮೆ ಜಾರಿ ಬಿದ್ದರೆ ಮೂಳೆ ಮುರಿಯುತ್ತದೆ, ಆಮೇಲೆ ಮೊದಲಿನಂತೆ ನಡೆಯಲಾಗುವುದೇ ಇಲ್ಲ.

ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಅವರ ತಂಡ 2001ರಲ್ಲಿ ಇದನ್ನು ಗುರುತಿಸಲು ಐದು ಲಕ್ಷಣಗಳನ್ನು ಹೇಳಿತು. ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಕಸುವು ಕುಂದಿದೆ ಎಂದರ್ಥ. ಒಂದೋ ಎರಡೋ ಇದ್ದರೆ ಅದರ ಹೊಸ್ತಿಲಲ್ಲಿದ್ದಾರೆ ಎಂದು ಲೆಕ್ಕ. ಈ ಪಟ್ಟಿ ಮಾಡಿದ್ದು 65 ದಾಟಿದವರನ್ನು ನೋಡಿ. ಹಾಗಾಗಿ ಇದು ಮುದುಕರ ಸಮಸ್ಯೆ ಅನ್ನೋದು ವೈದ್ಯರ ತಲೆಯಲ್ಲೂ ಕೂತಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಕಸುವು ಕುಂದಿದವರೆಲ್ಲ ಬಡಕಲಾಗಿರುತ್ತಾರೆ ಎಂದೇನಿಲ್ಲ. ಮಾನಸಿಕ ಕಾಯಿಲೆಯ ಮಾತ್ರೆ ನುಂಗುವ ಅನೇಕರು ದಪ್ಪಗಿರುತ್ತಾರೆ. ಹೊಟ್ಟೆಯ ಸುತ್ತ ಕೊಬ್ಬು ಸೇರಿರುತ್ತದೆ, ಆದರೆ ತೊಡೆ, ತೋಳಿನ ಸ್ನಾಯು ಕರಗಿರುತ್ತದೆ. ಮೊದಲಿಗಿಂತ ಹೆಚ್ಚು ಭಾರವನ್ನು ಮೊದಲಿಗಿಂತ ಕಡಿಮೆ ಸ್ನಾಯು ಹೊರಬೇಕು. ನೋಡಿದವರು "ಚೆನ್ನಾಗಿ ಉಂಡುಕೊಂಡು ಇದಾನಲ್ಲ" ಅಂತಾರೆ. ತೂಕ ಇಳಿಯುವುದನ್ನೇ ಕಾಯುತ್ತಾ ಕೂತರೆ ಇಂಥವರು ಲೆಕ್ಕಕ್ಕೇ ಸಿಗುವುದಿಲ್ಲ.

ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ?

ಸ್ಕಿಜೋಫ್ರೇನಿಯಾ ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ. ಮೂಳೆ, ಸ್ನಾಯು ಗಟ್ಟಿಯಾಗಿ, ಮುಂದಿನ ಬದುಕಿಗೆ ಬೇಕಾದ ಬಲ ಕೂಡಿಡುವ ವಯಸ್ಸೂ ಅದೇ. ಓರಗೆಯವರು ಗದ್ದೆಗೆ, ಕಾರ್ಖಾನೆಗೆ, ಕಾಲೇಜಿಗೆ ಓಡಾಡುತ್ತಿರುವಾಗ ಇವರು ಕೋಣೆಯೊಳಗೆ ಸೇರಿಕೊಂಡಿರುತ್ತಾರೆ. ಕೂಡಿಡಬೇಕಾದ ವರ್ಷಗಳಲ್ಲಿ ಖರ್ಚು ಶುರುವಾಗಿರುತ್ತದೆ.

ಕಾರಣ ಒಂದೇ ಅಲ್ಲ. ಮೊದಲನೆಯದು ಕಾಯಿಲೆಯೇ. ದನಿ ಕೇಳುವುದು, ಅನುಮಾನ ಪಡುವುದು ಎಲ್ಲರಿಗೂ ಕಾಣುತ್ತದೆ. ಕಾಣದ ಇನ್ನೊಂದು ಮುಖವಿದೆ. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಏನನ್ನಾದರೂ ಶುರುಮಾಡುವ ಚೈತನ್ಯವೇ ಇಲ್ಲದಿರುವುದು, ಮಾತು ಕಡಿಮೆಯಾಗುವುದು. ಇದು ಸೋಮಾರಿತನವಲ್ಲ, ಕಾಯಿಲೆಯದೇ ಲಕ್ಷಣ. ಇದರಿಂದ ಓಡಾಟ ನಿಲ್ಲುತ್ತದೆ. ಓಡಾಟ ನಿಂತರೆ ಸ್ನಾಯು ಕರಗುತ್ತದೆ. ಸ್ನಾಯು ಕರಗಿದರೆ ಸಣ್ಣ ಕೆಲಸಕ್ಕೂ ಸುಸ್ತು. ಸುಸ್ತಾದವರು ಮತ್ತೆ ಮಲಗುತ್ತಾರೆ.

ಎರಡನೆಯದು ಮಾತ್ರೆಗಳು. ಒಲಾಂಜಪಿನ್, ಕ್ಲೋಜಪಿನ್‌ನಂಥ ಮಾತ್ರೆಗಳಿಂದ ಹಸಿವು, ತೂಕ, ರಕ್ತದ ಸಕ್ಕರೆ ಏರಬಹುದು. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥವು ಕೆಲವರಲ್ಲಿ ಕೈಕಾಲು ಬಿಗಿಯುವಂತೆ, ನಡಿಗೆ ನಿಧಾನವಾಗುವಂತೆ ಮಾಡುತ್ತವೆ. ರಿಸ್ಪೆರಿಡೋನ್ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಅದು ಬಹುಕಾಲ ಹಾಗೇ ಉಳಿದರೆ ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಬಹುದು, ಗಂಡು ಹೆಣ್ಣು ಇಬ್ಬರಲ್ಲೂ ಮೂಳೆ ಸವೆಯಬಹುದು. ಕೈಕಾಲಿನ ಬಿಗಿತಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಮಂಪರು ತರುವ ಮಾತ್ರೆ ಬೆಳಗ್ಗೆ ಹತ್ತು ಗಂಟೆಯವರೆಗೂ ಏಳಲು ಬಿಡುವುದಿಲ್ಲ.

ಮೂರನೆಯದು ಬದುಕುವ ರೀತಿ ಮತ್ತು ಬಡತನ. ಕೆಲಸವಿಲ್ಲ, ಕೈಯಲ್ಲಿ ಕಾಸಿಲ್ಲ. ಊಟವೆಂದರೆ ಅನ್ನ, ತಿಳಿಸಾರು. ನಡುವೆ ಟೀ, ಬನ್ನು, ಬಿಸ್ಕತ್ತು. ಕಾಳು, ಮೊಟ್ಟೆ, ಹಾಲು ತಟ್ಟೆಗೆ ಬರುವುದು ಕಡಿಮೆ. ಬಿಸಿಲಿಗೆ ಮೈಯೊಡ್ಡುವುದಿಲ್ಲ, ಹಾಗಾಗಿ ಡಿ ವಿಟಮಿನ್ ಕೊರತೆ. ಬೀಡಿ, ಸಿಗರೇಟಿನ ಅಭ್ಯಾಸವೂ ಇವರಲ್ಲಿ ಹೆಚ್ಚು. ತಂಬಾಕಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆ ದೇಹದಿಂದ ಬೇಗ ಹೊರಹೋಗುವಂತೆ ಮಾಡುವುದರಿಂದ ಡೋಸ್ ಕೂಡ ಹೆಚ್ಚು ಬೇಕಾಗುತ್ತದೆ.

ನಾಲ್ಕನೆಯದು ನಮ್ಮ ಆಸ್ಪತ್ರೆಗಳು. ಮಾನಸಿಕ ಕಾಯಿಲೆ ಇರುವ ವ್ಯಕ್ತಿ "ಎದೆ ನೋವು", "ಸುಸ್ತು" ಅಂದರೆ, ಚೀಟಿಯ ಮೇಲಿರುವ ಸ್ಕಿಜೋಫ್ರೇನಿಯಾ ಪದ ನೋಡಿ ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆದುಬಿಡುವುದುಂಟು. ರಕ್ತಹೀನತೆ, ಥೈರಾಯ್ಡ್, ಶುಗರ್ ಯಾವುದನ್ನೂ ನೋಡುವುದಿಲ್ಲ. ಮನೋವೈದ್ಯರು "ದೇಹದ್ದು ಫಿಸಿಶಿಯನ್ ಹತ್ರ ತೋರಿಸಿ" ಅಂತಾರೆ. ಫಿಸಿಶಿಯನ್ "ಮೊದಲು ಮನೋವೈದ್ಯರನ್ನ ಕೇಳಿ" ಅಂತಾರೆ. ನಡುವೆ ವರ್ಷಗಳು ಹೋಗುತ್ತವೆ.

ಇದೆಲ್ಲದರ ಒಟ್ಟು ಪರಿಣಾಮ ಆಯುಷ್ಯದಲ್ಲೇ ಕಾಣುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಸ್ಕಿಜೋಫ್ರೇನಿಯಾ ಇರುವವರು ಸರಾಸರಿ 14.5 ವರ್ಷಗಳ ಬದುಕನ್ನು ಕಳೆದುಕೊಳ್ಳುತ್ತಾರೆ. ಇದರಲ್ಲಿ ಆತ್ಮಹತ್ಯೆಯ ಪಾಲು ಇದೆ, ನಿಜ. ಆದರೆ ಹೆಚ್ಚಿನ ಸಾವುಗಳು ಹೃದಯದ ಕಾಯಿಲೆಯಂಥ ಸಾಮಾನ್ಯ ದೈಹಿಕ ಕಾಯಿಲೆಗಳಿಂದ.

ಹಾಗಾದರೆ ಮಾತ್ರೆ ನಿಲ್ಲಿಸೋದಾ?

ಬೇಡ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಫಿನ್ಲೆಂಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ 62,250 ಜನರ ದಾಖಲೆಗಳನ್ನು 20 ವರ್ಷಗಳ ಕಾಲಕ್ಕೆ ಪರಿಶೀಲಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಳ್ಳುತ್ತಿದ್ದ ಅವಧಿಗಿಂತ ತೆಗೆದುಕೊಳ್ಳದ ಅವಧಿಯಲ್ಲೇ ಸಾವಿನ ಪ್ರಮಾಣ ಹೆಚ್ಚು ಎಂದು ಅದು ತೋರಿಸಿತು. ತೂಕ ಏರಿಸುತ್ತದೆ ಎಂದು ಹೆಸರಾದ ಕ್ಲೋಜಪಿನ್ ತೆಗೆದುಕೊಂಡ ಅವಧಿಯಲ್ಲಿ ಸಾವು ಎಲ್ಲಕ್ಕಿಂತ ಕಡಿಮೆ ಇತ್ತು.

ನಮ್ಮಲ್ಲೂ ಇದಕ್ಕೆ ಹೊಂದುವ ಅನುಭವವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೇನಿಯಾ ಪೀಡಿತರನ್ನು ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಗಮನಿಸಿತು. ಚಿಕಿತ್ಸೆ ಪಡೆದವರಲ್ಲಿ ಪಡೆಯದವರಿಗಿಂತ ಅಂಗವೈಕಲ್ಯ ಕಡಿಮೆ ಎಂಬುದು ಅಲ್ಲಿ ಕಂಡುಬಂತು. ಮಾತ್ರೆ ಇಲ್ಲದ ದೇಹ ಗಟ್ಟಿಯಾಗೇನೂ ಉಳಿಯುವುದಿಲ್ಲ. ಊಟ ಬಿಟ್ಟು, ನಿದ್ದೆ ಬಿಟ್ಟು, ಬೀದಿ ಸುತ್ತಿ ಅದು ಇನ್ನೂ ಬೇಗ ಸೊರಗುತ್ತದೆ.

ಹಾಗಾಗಿ ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆ "ಮಾತ್ರೆ ಬೇಕಾ ಬೇಡ್ವಾ" ಎಂಬುದಲ್ಲ. "ಡಾಕ್ಟ್ರೇ, ಇವನ ತೂಕ ಏರ್ತಿದೆ, ನಡಿಗೆ ನಿಧಾನ ಆಗಿದೆ. ಇದಕ್ಕಿಂತ ಹೊಂದುವ ಮಾತ್ರೆ ಇದ್ಯಾ? ಡೋಸ್ ನೋಡ್ತೀರಾ?" ಎಂದು ಕೇಳಬೇಕು. ಕೆಲವರಿಗೆ ಮಾತ್ರೆ ಬದಲಿಸಬಹುದು. ಕೆಲವರಿಗೆ ತೂಕ ಹಿಡಿತಕ್ಕೆ ತರಲು ಮೆಟ್‌ಫಾರ್ಮಿನ್ ಸೇರಿಸುವುದೂ ಉಂಟು. ಅದು ವೈದ್ಯರ ತೀರ್ಮಾನ. ಆದರೆ ಕೇಳದಿದ್ದರೆ ಅದು ಚರ್ಚೆಗೇ ಬರುವುದಿಲ್ಲ.

ಕಳೆದುಹೋದ ಕಸುವು ಮರಳುತ್ತದಾ?

ಪೂರ್ತಿ ಅಲ್ಲದಿದ್ದರೂ ಒಂದಷ್ಟು ಮರಳುತ್ತದೆ. ವಯಸ್ಸು ಚಿಕ್ಕದಿರುವುದು ಇಲ್ಲಿ ಅನುಕೂಲ. ಎಂಬತ್ತರ ಸ್ನಾಯುವೇ ವ್ಯಾಯಾಮಕ್ಕೆ ಸ್ಪಂದಿಸುತ್ತದೆ ಅಂದಮೇಲೆ ಮೂವತ್ತೈದರದು ಸ್ಪಂದಿಸದೇ ಇರುತ್ತದಾ?

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ಮೊದಲ ಸಲ ಸೈಕೋಸಿಸ್‌ಗೆ ತುತ್ತಾಗಿ ಆಗತಾನೇ ಮಾತ್ರೆ ಶುರುಮಾಡಿದ್ದ ಯುವಜನರಿಗೆ 12 ವಾರ ವ್ಯಾಯಾಮ, ಆಹಾರ ಮತ್ತು ಜೀವನಶೈಲಿಯ ತರಬೇತಿ ಕೊಟ್ಟರು. ತರಬೇತಿ ಪಡೆದವರ ತೂಕ ಸರಾಸರಿ 1.8 ಕಿಲೋ ಏರಿತು. ಪಡೆಯದವರದು 7.8 ಕಿಲೋ. ಅದು ಚಿಕ್ಕ ಅಧ್ಯಯನ, ಬೆರಳೆಣಿಕೆಯ ಜನ. ಆದರೂ ಮೂರೇ ತಿಂಗಳಲ್ಲಿ ಆರು ಕಿಲೋ ವ್ಯತ್ಯಾಸ ಎಂದರೆ, ಮಾತ್ರೆಯ ಅಡ್ಡಪರಿಣಾಮ ಹಣೆಬರಹವಲ್ಲ ಎಂದಾಯಿತು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ 291 ಜನರ ಮೇಲೆ ನಡೆದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ವ್ಯಾಯಾಮ ಮತ್ತು ತೂಕ ಇಳಿಸುವ ತರಗತಿ ನಡೆಸಿದಾಗ, 18 ತಿಂಗಳ ಕೊನೆಗೆ ಅವರ ತೂಕ ಉಳಿದವರಿಗಿಂತ 3.2 ಕಿಲೋ ಹೆಚ್ಚು ಇಳಿದಿತ್ತು. "ಇವರಿಗೆ ಹೇಳಿದರೆ ಕೇಳಲ್ಲ" ಎನ್ನುವವರಿಗೆ ಇದು ಉತ್ತರ.

ನಿಮ್ಹಾನ್ಸ್‌ನಲ್ಲೇ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಾತ್ರೆಯ ಜೊತೆಗೆ ಯೋಗ ಮಾಡಿದವರಲ್ಲಿ ಕಾಯಿಲೆಯ ಲಕ್ಷಣಗಳೂ ತಗ್ಗಿದವು, ಜನರೊಡನೆ ಬೆರೆಯುವುದು, ಕೆಲಸ ಮಾಡುವುದೂ ಸುಧಾರಿಸಿತು. ಅದು ಮೈಕಸುವನ್ನು ಅಳೆಯಲೆಂದೇ ಮಾಡಿದ ಅಧ್ಯಯನವಲ್ಲ. ಆದರೆ ಸ್ಕಿಜೋಫ್ರೇನಿಯಾ ಇರುವವರು ಹೇಳಿಕೊಟ್ಟರೆ ತಿಂಗಳುಗಟ್ಟಲೆ ಒಂದು ಅಭ್ಯಾಸ ಪಾಲಿಸಬಲ್ಲರು ಎಂಬುದಕ್ಕೆ ನಮ್ಮ ನೆಲದ ಸಾಕ್ಷಿ ಅದು.

ಕಸುವಿನ ವಿಷಯದಲ್ಲಿ ಬರೀ ವಾಕಿಂಗ್ ಸಾಲದು. ಸ್ನಾಯುವಿಗೆ ಭಾರ ಬೀಳಬೇಕು. ಅದಕ್ಕೆ ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ತಳ್ಳುವುದು, ಒಂದು ಲೀಟರ್ ನೀರಿನ ಬಾಟಲಿ ಎತ್ತಿ ಇಳಿಸುವುದು, ಮೆಟ್ಟಿಲು ಹತ್ತುವುದು. ಮೊದಲ ವಾರ ಐದೈದು ಸಲ ಸಾಕು. ಜೊತೆಗೆ ತಟ್ಟೆಯಲ್ಲಿ ಹೆಸರುಕಾಳು, ಹುರುಳಿಕಾಳು, ಶೇಂಗಾ, ಮೊಟ್ಟೆ, ಮೊಸರು ಇವುಗಳಲ್ಲಿ ಕೈಗೆಟುಕುವ ಏನಾದರೂ ದಿನಾ ಇರಬೇಕು.

ಮಂಗಳವಾರದ ಕ್ಲಿನಿಕ್‌ನಲ್ಲಿ ಒಂದು ಕುರ್ಚಿ

ಇಷ್ಟೆಲ್ಲ ಮಾಡಲು ವ್ಯವಸ್ಥೆ ಎಲ್ಲಿದೆ ಎಂದು ಕೇಳಬಹುದು. ಕರ್ನಾಟಕದಲ್ಲಿ ಅಸ್ತಿವಾರ ಇದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಪದ್ಧತಿಯೂ ಬಂತು. ಹೀಗೆ ಆಸ್ಪತ್ರೆಗೆ ಬಂದವರೇ ಅದೃಷ್ಟವಂತರು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಸಮಸ್ಯೆ ಇರುವುದು ಬಂದವರಿಗೆ ಏನು ಮಾಡುತ್ತೇವೆ ಎಂಬಲ್ಲಿ. "ನಿದ್ದೆ ಬರುತ್ತಾ? ಊಟ ಮಾಡ್ತಾನಾ? ಗಲಾಟೆ ಇಲ್ವಾ? ಸರಿ, ಅದೇ ಮಾತ್ರೆ ಮುಂದುವರಿಸಿ." ತುಂಬಿದ ಕ್ಲಿನಿಕ್‌ನಲ್ಲಿ ವೈದ್ಯರಿಗೆ ಸಿಗುವ ಸಮಯ ಅಷ್ಟೇ. ಆದರೆ ತೂಕ ಮತ್ತು ಬಿಪಿ ನೋಡಲು, ಸೊಂಟದ ಸುತ್ತಳತೆ ಹಿಡಿಯಲು ವೈದ್ಯರೇ ಬೇಕಿಲ್ಲ. ನರ್ಸ್ ಮಾಡಬಹುದು. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ, ಹೆಂಗಸರಿಗೆ 80 ಸೆಂ.ಮೀ ದಾಟಿದ ಸೊಂಟ ಎಚ್ಚರಿಕೆಯ ಗಂಟೆ.

ಕಸುವನ್ನು ಅಳೆಯಲು ಇನ್ನೂ ಸುಲಭದ ದಾರಿ ಇದೆ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಮೊಬೈಲ್‌ನಲ್ಲಿ ಸಮಯ ನೋಡಿ. ಹಿರಿಯರ ಸ್ನಾಯು ಬಲದ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಸಲಹೆಯಂತೆ 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬಲ ಕಡಿಮೆ ಎಂದರ್ಥ. ಅದು ಹಿರಿಯರಿಗೆ ಇಟ್ಟ ಗಡಿ. ಮೂವತ್ತೈದರವರಿಗೆ ಅದೂ ಆಗದಿದ್ದರೆ ಕೂಡಲೇ ಗಮನ ಕೊಡಬೇಕು. ಕೈಕಾಲಿನ ಬಿಗಿತ ಮಾತ್ರೆಯಿಂದ ಬಂದಿದ್ದಾ, ರಕ್ತಹೀನತೆ ಇದೆಯಾ, ಥೈರಾಯ್ಡ್ ಏರುಪೇರಾ, ಖಿನ್ನತೆ ಸೇರಿಕೊಂಡಿದೆಯಾ ಎಂದು ಒಂದೊಂದಾಗಿ ನೋಡಬೇಕು. ಆರು ತಿಂಗಳಿಗೊಮ್ಮೆ ಇದೇ ಪರೀಕ್ಷೆ ಮಾಡಿ ಚೀಟಿಯಲ್ಲಿ ಬರೆದಿಟ್ಟರೆ ಇಳಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ತೊಡಕು ವಯಸ್ಸಿನದು. ಬಿಪಿ, ಶುಗರ್ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ನೋಡುವುದು 30 ದಾಟಿದವರನ್ನು. ಸಾಮಾನ್ಯ ಜನರಿಗೆ ಅದು ಸರಿ. ಆದರೆ ಇಪ್ಪತ್ತೆರಡಕ್ಕೆ ಒಲಾಂಜಪಿನ್ ಶುರುಮಾಡಿದ ಹುಡುಗನ ತೂಕ ಏರುವುದು ಮೊದಲ ಕೆಲವು ತಿಂಗಳಲ್ಲೇ. ಅವನ ಸರದಿ ಬರುವಷ್ಟರಲ್ಲಿ ಎಂಟು ವರ್ಷ ಕಳೆದಿರುತ್ತದೆ. ಮಾತ್ರೆ ಶುರುವಾದ ದಿನವೇ ತಪಾಸಣೆಯೂ ಶುರುವಾಗಬೇಕು, ವಯಸ್ಸು ಎಷ್ಟೇ ಇರಲಿ.

ಅಂಗವೈಕಲ್ಯ ಪ್ರಮಾಣಪತ್ರದ ಕತೆಯೂ ಹೀಗೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನು ಅಂಗವೈಕಲ್ಯ ಎಂದು ಗುರುತಿಸಿದೆ. ಅದನ್ನು ಅಳೆಯುವ 'ಐಡಿಯಾಸ್' ಮಾಪನದಲ್ಲಿ ನೋಡುವುದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತುಕತೆ-ಗ್ರಹಿಕೆ, ಕೆಲಸ ಮತ್ತು ಕಾಯಿಲೆಯ ಅವಧಿಯನ್ನು. ಮೈಯಲ್ಲಿ ಬಲವಿಲ್ಲದೆ ಕೆಲಸಕ್ಕೆ ಹೋಗದವನ ಸ್ಥಿತಿಯೂ ಮನಸ್ಸಿನ ಲೆಕ್ಕಕ್ಕೇ ಸೇರುತ್ತದೆ. ಪ್ರಮಾಣಪತ್ರ ಸಿಗುತ್ತದೆ, ಫಿಸಿಯೋಥೆರಪಿ ಸಿಗುವುದಿಲ್ಲ.

ಕಾನೂನು ಮಾತ್ರ ಸ್ಪಷ್ಟವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಆರೋಗ್ಯ ಸೇವೆ ಕೊಡುವಾಗ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮನಾಗಿ ಕಾಣಬೇಕು. ತೀವ್ರ ಮಾನಸಿಕ ಕಾಯಿಲೆ ಇರುವವರ ದೈಹಿಕ ಆರೋಗ್ಯಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇವೆರಡನ್ನೂ ಮಂಗಳವಾರದ ಕ್ಲಿನಿಕ್‌ಗೆ ಇಳಿಸಲು ಬೇಕಾಗಿರುವುದು ತೂಕದ ಯಂತ್ರ, ಟೇಪು, ಗಟ್ಟಿ ಕುರ್ಚಿ, ಹತ್ತು ನಿಮಿಷ ಕೊಡಬಲ್ಲ ಒಬ್ಬ ನರ್ಸ್ ಮತ್ತು ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್.

ಮನೆಯವರು ಮಾಡಬಹುದಾದದ್ದು

ಬೈಯುವುದನ್ನು ನಿಲ್ಲಿಸುವುದು ಮೊದಲ ಕೆಲಸ. "ಏಳೋ, ಎಷ್ಟೊತ್ತು ಬಿದ್ಕೊಂಡಿರ್ತೀಯ" ಎಂದರೆ ಯಾರೂ ಏಳುವುದಿಲ್ಲ. "ಬಾ ಅಂಗಡಿವರೆಗೂ ಹೋಗ್ಬರೋಣ" ಎಂದು ಜೊತೆಗೆ ಹೊರಟರೆ ಏಳುವ ಸಾಧ್ಯತೆ ಹೆಚ್ಚು. ಚೈತನ್ಯವೇ ಕುಗ್ಗಿರುವ ಕಾಯಿಲೆಯಲ್ಲಿ ಜೊತೆಯೇ ಅರ್ಧ ಔಷಧಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ನಡಿಗೆ ನಿಧಾನವಾಗಿದ್ದರೆ, ಕೈ ನಡುಗುತ್ತಿದ್ದರೆ, ಮುಟ್ಟು ತಪ್ಪಿದ್ದರೆ ಅದನ್ನು ಮನೋವೈದ್ಯರಿಗೇ ಹೇಳಿ, ಬೇರೆ ವಿಷಯ ಎಂದು ಮುಚ್ಚಿಡಬೇಡಿ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಮಲಬದ್ಧತೆ ಪ್ರಾಣಕ್ಕೇ ಕುತ್ತಾಗಬಹುದು, ನಾಚಿಕೆ ಬಿಟ್ಟು ಹೇಳಿ. ಬೀಡಿ ಬಿಡುವ ಮನಸ್ಸು ಮಾಡಿದರೆ ಅದನ್ನೂ ತಿಳಿಸಿ, ಯಾಕೆಂದರೆ ಮಾತ್ರೆಯ ಡೋಸ್ ಬದಲಿಸಬೇಕಾಗಬಹುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ಮನೆಗಳಲ್ಲಿ ನೋಡಿಕೊಳ್ಳುವವರು ಹೆಚ್ಚಾಗಿ ತಂದೆ ತಾಯಿ. ಮಗನಿಗೆ ಮೂವತ್ತೈದಾದರೆ ಅಮ್ಮನಿಗೆ ಅರವತ್ತು ಮೀರಿರುತ್ತದೆ. "ನಾನು ಹೋದ್ಮೇಲೆ ಇವನ ಗತಿ ಏನು?" ಎನ್ನುವ ಪ್ರಶ್ನೆ ಆ ಅಮ್ಮಂದಿರನ್ನು ರಾತ್ರಿಯೆಲ್ಲ ಕಾಡುತ್ತದೆ. ಆ ಪ್ರಶ್ನೆಗೆ ಉತ್ತರ ಬರೀ ಅವನ ಮನಸ್ಸಿನ ಸ್ಥಿತಿಯಲ್ಲಿಲ್ಲ. ತನ್ನ ನೀರನ್ನು ತಾನೇ ಎತ್ತಿಕೊಂಡು, ತನ್ನ ಬಟ್ಟೆ ತಾನೇ ಒಗೆದುಕೊಂಡು, ಬಸ್ ಹತ್ತಿ ಆಸ್ಪತ್ರೆಗೆ ಹೋಗಿ ತನ್ನ ಮಾತ್ರೆ ತಾನೇ ತರುವಷ್ಟು ಬಲ ಅವನ ಮೈಯಲ್ಲಿ ಇರುತ್ತದಾ ಎಂಬುದರಲ್ಲೂ ಇದೆ. ಆ ಬಲವನ್ನು ಕಾಯುವುದಕ್ಕೆ ಅವನಿಗಿನ್ನೂ ವಯಸ್ಸಿದೆ. ಮುಂದಿನ ಸಲ ಕ್ಲಿನಿಕ್‌ಗೆ ಹೋದಾಗ, "ಇವನ ಮೈಯನ್ನೂ ಒಮ್ಮೆ ನೋಡಿ ಡಾಕ್ಟ್ರೇ" ಎಂದು ಕೇಳುವುದರಿಂದ ಶುರುಮಾಡಬಹುದು.